ಸರಕು ಒಬ್ಬರದು, ಹೆಸರು ಇನ್ನೊಬ್ಬರದು

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಒಂದು ಕಾಲಕ್ಕೆ ತಾನೇ ತಾಲ್ಲೂಕಿನ ಕೇಂದ್ರವಾಗಿದ್ದ ಊರು. ಆ ಪಟ್ಟ ತಿಪಟೂರಿಗೆ ಹೋದ ಮೇಲೆ ಹೋಬಳಿಯಾಗಿ ಉಳಿಯಿತು. ಕಚೇರಿ ಹೋದರೂ ಊರಿನ ಹೆಸರು ಹೋಗದಂತೆ ನೋಡಿಕೊಂಡದ್ದು ಅಲ್ಲಿನ ತೆಂಗಿನ ತೋಟ. ಮೈಸೂರು ಸಂಸ್ಥಾನದ ಕಾಲದ ಗೆಜೆಟಿಯರು ಹೊನ್ನವಳ್ಳಿಯ 'ಗಂಗಾಪಾನಿ' ಎಂಬ ತೆಂಗನ್ನೂ ಅದರ ನವುರಾದ ರುಚಿಯನ್ನೂ ವಿಶೇಷವೆಂದು ಎತ್ತಿ ಹೇಳಿದೆ.

ಹೀಗೆ ಸರ್ಕಾರಿ ಪುಸ್ತಕದಲ್ಲಿ ದಾಖಲಾದ ಈ ಹೆಸರು ಅಂಗಡಿಯ ಪೊಟ್ಟಣದ ಮೇಲೆ ಮಾತ್ರ ಬರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಎನ್ನುವ ಹಂತಕ್ಕೆ ಬಂದಾಗ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾನೆ. ಅದು ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಭಾರತಕ್ಕೆ ಹೊರಡುತ್ತದೆ. ಅಲ್ಲಿ ಅದು ಒಣಹಣ್ಣುಗಳ ಸಾಲಿನಲ್ಲಿ, ಪೂಜೆಯ ತಟ್ಟೆಯಲ್ಲಿ, ಸಿಹಿತಿಂಡಿಯಲ್ಲಿ ಸೇರಿಹೋಗುತ್ತದೆ. ಕೊಂಡವನಿಗೆ ಅಂಗಡಿಯ ಹೆಸರು ಗೊತ್ತು, ಊರಿನ ಹೆಸರು ಗೊತ್ತಿಲ್ಲ. ಈ ಭಾಗದ ಕಾಯಿಪುಡಿ ಕಾರ್ಖಾನೆಗಳ ಸರಕೂ ಹಾಗೆಯೇ. ಅದರ ಬಹುಪಾಲು ಸಗಟು ಚೀಲಗಳಲ್ಲಿ ಹೋಗಿ ಬಿಸ್ಕತ್ತಿನಲ್ಲೋ ಮಿಠಾಯಿಯಲ್ಲೋ ಕರಗುತ್ತದೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಆ ಬೆಲೆಯೂ ಗುಣಮಟ್ಟದ ದರ್ಜೆಗೆ ಸಿಗುವಂಥದೇ ಹೊರತು ಹೆಸರಿಗೆ ಸಿಗುವಂಥದಲ್ಲ.

ಸಣ್ಣ ಉತ್ಪಾದಕನ ಮುಂದಿರುವ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಸರಕು ಮಾಡುವುದು ಬರುತ್ತದೆ, ಆದರೆ ಅದನ್ನು ಜನ ಗುರುತಿಸುವ ಹೆಸರು ಕೈಯಲ್ಲಿಲ್ಲ. ಹೊಸ ಹೆಸರು ಕಟ್ಟಲು ಜಾಹೀರಾತು ಬೇಕು, ವರ್ಷಗಳು ಬೇಕು. ಹಾಗಾದರೆ ಜನಕ್ಕೆ ಈಗಾಗಲೇ ಗೊತ್ತಿರುವ ಹೆಸರೊಂದನ್ನು ಬಾಡಿಗೆಗೆ ತಂದರೆ ಹೇಗೆ? ಇಂದು ಪೇಟೆಯ ಎಷ್ಟೋ ಸರಕುಗಳು ಹೀಗೆ ಬಾಡಿಗೆ ಹೆಸರಿನಲ್ಲಿಯೇ ಓಡಾಡುತ್ತವೆ. ಆದರೆ ಹೆಸರನ್ನು ಬಾಡಿಗೆಗೆ ಕೊಡುವುದು ಒಂದು ಕಾಲಕ್ಕೆ ಕಾನೂನಿನ ಕಣ್ಣಿನಲ್ಲಿ ಸಲ್ಲದ ಕೆಲಸವಾಗಿತ್ತು. ಅದು ಸಲ್ಲುವಂತಾದ ಕಥೆಯನ್ನು ತಿಳಿದರೆ ಇಂದಿನ ಕರಾರುಗಳ ಮರ್ಮವೂ ತಿಳಿಯುತ್ತದೆ.

ಕೊಟ್ಟವನು ಕೋಡಂಗಿ

ವ್ಯಾಪಾರ ಮುದ್ರೆಯ ಮೂಲ ತತ್ತ್ವ ಸರಳವಾದುದು. ಈ ಗುರುತಿರುವ ಸರಕು ಇಂಥವನ ಕೈಯಿಂದಲೇ ಬಂದದ್ದು ಎಂದು ಕೊಳ್ಳುವವನಿಗೆ ಹೇಳುವುದು ಅದರ ಕೆಲಸ. ಹಾಗಿದ್ದಲ್ಲಿ ಒಬ್ಬನ ಗುರುತನ್ನು ಇನ್ನೊಬ್ಬನ ಸರಕಿಗೆ ಹಚ್ಚುವುದೆಂದರೆ ಸುಳ್ಳು ಹೇಳಿದಂತೆ ಎಂದು ಇಂಗ್ಲೆಂಡಿನ ನ್ಯಾಯಾಲಯಗಳು ಬಹುಕಾಲ ಭಾವಿಸಿದ್ದವು. 1914ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ 'ಬೌಡನ್' ಮೊಕದ್ದಮೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಬೌಡನ್ ತಂತಿಯ ಮುದ್ರೆಯನ್ನು ಸೈಕಲ್ ಬ್ರೇಕು ಮಾಡುವ ಬೇರೊಂದು ಕಂಪನಿ ಬಳಸಲು ಬಿಡಲಾಗಿತ್ತು. ಮುದ್ರೆ ಹೀಗೆ ಕೈ ಬದಲಾಯಿಸಿದ್ದರಿಂದ ಅದು ಯಾರ ಗುರುತೂ ಆಗಿ ಉಳಿಯಲಿಲ್ಲವೆಂದು ತೀರ್ಪಾಗಿ, ಮುದ್ರೆಯ ಹಕ್ಕೇ ಕಳೆದುಹೋಯಿತು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ನಮ್ಮ ಗಾದೆಯಲ್ಲಿ ಇಸಕೊಂಡವನಾದರೂ ಗೆಲ್ಲುತ್ತಾನೆ. ಇಲ್ಲಿ ಅವನ ಕೈಗೂ ಏನೂ ಉಳಿಯಲಿಲ್ಲ.

ಕಾರ್ಖಾನೆಗಳು ಬೆಳೆದು, ಒಂದೇ ಹೆಸರಿನ ಸರಕು ಹತ್ತು ಊರುಗಳಲ್ಲಿ ತಯಾರಾಗತೊಡಗಿದಾಗ ಈ ಕಟ್ಟುನಿಟ್ಟು ಬಹಳ ದಿನ ನಿಲ್ಲಲಿಲ್ಲ. ಬ್ರಿಟನ್ನಿನ 1938ರ ಕಾನೂನು 'ನೋಂದಾಯಿತ ಬಳಕೆದಾರ' ಎಂಬ ಹೊಸ ಪಾತ್ರವನ್ನು ಸೃಷ್ಟಿಸಿತು. ಮುದ್ರೆಯ ಒಡೆಯ ತನ್ನ ಮೇಲ್ವಿಚಾರಣೆಯ ಬಗೆಯನ್ನು ಸರ್ಕಾರಕ್ಕೆ ತಿಳಿಸಿ, ಬಳಸುವವನ ಹೆಸರನ್ನು ದಾಖಲೆ ಮಾಡಿಸಿದರೆ, ಅವನ ಬಳಕೆಯನ್ನು ಒಡೆಯನ ಬಳಕೆಯೆಂದೇ ಎಣಿಸಲಾಗುತ್ತಿತ್ತು. ಭಾರತದ 1940ರ ಟ್ರೇಡ್ ಮಾರ್ಕ್ ಕಾನೂನು ಇದೇ ಹಾದಿ ಹಿಡಿಯಿತು. ಸ್ವಾತಂತ್ರ್ಯಾನಂತರದ 1958ರ ಕಾನೂನು ಅದನ್ನೇ ವಿಸ್ತರಿಸಿತು. ಆದರೆ ಸರಕಿನ ಗೊಡವೆಯೇ ಇಲ್ಲದೆ ಹೆಸರನ್ನಷ್ಟೇ ಮಾರಿಕೊಂಡು ತಿರುಗುವ ದಂಧೆಗೆ ಅವಕಾಶವಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಈ ವಿಷಯವನ್ನು ನಮ್ಮ ಸುಪ್ರೀಂ ಕೋರ್ಟ್ ವಿವರವಾಗಿ ಪರಿಶೀಲಿಸಿದ್ದು 1995ರಲ್ಲಿ, ತಂಪು ಪಾನೀಯದ ಒಂದು ವ್ಯಾಜ್ಯದಲ್ಲಿ. ಗೋಲ್ಡ್ ಸ್ಪಾಟ್, ಥಮ್ಸ್ ಅಪ್, ಲಿಮ್ಕಾ ಮುಂತಾದ ಹೆಸರುಗಳು ಮೊದಲು ಪಾರ್ಲೆಯವರ ಸ್ವತ್ತು. ಗುಜರಾತ್ ಬಾಟ್ಲಿಂಗ್ ಕಂಪನಿ ಅವುಗಳನ್ನು ಸೀಸೆಗೆ ತುಂಬಿ ಮಾರುವ ಪರವಾನಗಿ ಪಡೆದಿತ್ತು. 1993ರಲ್ಲಿ ಆ ಹೆಸರುಗಳನ್ನು ಕೋಕಾ ಕೋಲಾ ಕೊಂಡಿತು. ಸೀಸೆ ತುಂಬುವವರ ಕಾರ್ಖಾನೆ, ಯಂತ್ರ, ಲಾರಿ ಎಲ್ಲವೂ ಇದ್ದಲ್ಲಿಯೇ ಇದ್ದವು. ಆದರೆ ಅವರು ದುಡಿಯುತ್ತಿದ್ದ ಹೆಸರಿಗೆ ಒಡೆಯ ಬದಲಾಗಿದ್ದ. 1995ರಲ್ಲಿ ಆ ಬಾಟ್ಲಿಂಗ್ ಕಂಪನಿಯ ಷೇರುಗಳು ಪೆಪ್ಸಿಯ ಕಡೆಗೆ ಹೋದಾಗ ವ್ಯಾಜ್ಯ ಶುರುವಾಯಿತು. ಕರಾರಿನ ಅವಧಿ ಇರುವವರೆಗೆ ಬೇರೆಯವರ ಪಾನೀಯ ತಯಾರಿಸಬಾರದೆಂಬ ಷರತ್ತನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅದರ ಜೊತೆಗೆ ಹೆಸರು ಎರವಲು ಕೊಡುವುದರ ಬಗ್ಗೆ ಮೂರು ಮಾತುಗಳನ್ನು ಸ್ಪಷ್ಟಪಡಿಸಿತು: ಪರವಾನಗಿಯಿಂದ ಜನಕ್ಕೆ ಗೊಂದಲವಾಗಲೀ ಮೋಸವಾಗಲೀ ಆಗಬಾರದು, ಮುದ್ರೆಯ ವೈಶಿಷ್ಟ್ಯ ಅಳಿಯಬಾರದು, ಒಡೆಯನಿಗೂ ಸರಕಿಗೂ ವ್ಯಾಪಾರದ ಸಂಬಂಧ ಕಡಿಯಬಾರದು. ಇಷ್ಟಿದ್ದರೆ ಹೆಸರು ಕೊಡುವುದು ತಪ್ಪಲ್ಲ. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಹೊಸ ಟ್ರೇಡ್ ಮಾರ್ಕ್ ಕಾನೂನು, ದಾಖಲಾಗದಿದ್ದರೂ ಲಿಖಿತ ಕರಾರಿನ ಮೂಲಕ ಒಡೆಯನ ಒಪ್ಪಿಗೆ ಪಡೆದ ಬಳಕೆದಾರನನ್ನೂ ಮಾನ್ಯ ಮಾಡಿತು.

ಕರಾರಿನೊಳಗೆ ಏನಿರುತ್ತದೆ

ಹೆಸರಿನ ಕರಾರುಗಳಲ್ಲಿ ಎರಡು ಬಗೆಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಒಂದು ಕೂಲಿ ತಯಾರಿಕೆ. ದೊಡ್ಡ ಕಂಪನಿ ಕೇಳಿದ ಅಳತೆಗೆ, ಅದರದೇ ಹೆಸರಿನ ಪೊಟ್ಟಣದಲ್ಲಿ ಸಣ್ಣ ಕಾರ್ಖಾನೆ ಸರಕು ಮಾಡಿ ಕೊಡುತ್ತದೆ. ಮಾರುವ ಹೊಣೆ ಕಂಪನಿಯದು, ಲಾಭವೂ ಅದರದೇ. ತಯಾರಕನಿಗೆ ಸಿಗುವುದು ಕೂಲಿ. ಎರಡನೆಯದು ನಿಜವಾದ ಹೆಸರಿನ ಪರವಾನಗಿ. ಇಲ್ಲಿ ಸಣ್ಣ ತಯಾರಕ ಹೆಸರನ್ನು ಪಡೆದು, ತಾನೇ ತಯಾರಿಸಿ, ತಾನೇ ಮಾರಿ, ಮಾರಾಟದ ಮೇಲೆ ಒಡೆಯನಿಗೆ ಇಂತಿಷ್ಟು ಎಂದು ರಾಯಲ್ಟಿ ಕಟ್ಟುತ್ತಾನೆ. ಲಾಭ ಅವನದು, ನಷ್ಟದ ಭಯವೂ ಅವನದು.

ಪರವಾನಗಿಯ ಕರಾರಿನಲ್ಲಿ ಯಾವ ಸರಕು, ಯಾವ ಪ್ರದೇಶ, ಎಷ್ಟು ವರ್ಷ ಎಂಬುದು ಮೊದಲು ಬರುತ್ತದೆ. ನಂತರ ಗುಣಮಟ್ಟ: ಒಡೆಯನ ಕಡೆಯವರು ಮಾದರಿ ನೋಡಿ ಒಪ್ಪಬೇಕು, ಕಾರ್ಖಾನೆಗೆ ಬಂದು ಪರೀಕ್ಷಿಸಬಹುದು, ಲೇಬಲ್ಲಿನ ಒಂದಕ್ಷರವನ್ನೂ ಅವರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಈ ಷರತ್ತುಗಳು ಕಿರುಕುಳವೆಂದು ತೋರಬಹುದು. ಆದರೆ ಬೌಡನ್ ಮೊಕದ್ದಮೆಯ ನೆನಪಿದ್ದವರಿಗೆ ಅವುಗಳ ಕಾರಣ ಹೊಳೆಯುತ್ತದೆ. ನಿಗಾ ಇಡದ ಒಡೆಯನ ಹೆಸರೇ ಬೆಲೆ ಕಳೆದುಕೊಳ್ಳುತ್ತದೆ.

ಹಣದ ಷರತ್ತಿನಲ್ಲಿ ಸಣ್ಣವರು ಎಡವುವುದು ಹೆಚ್ಚಾಗಿ ಶೇಕಡಾವಾರು ರಾಯಲ್ಟಿಯಲ್ಲಿ ಅಲ್ಲ, 'ಕನಿಷ್ಠ ಖಾತರಿ' ಎಂಬ ಸಾಲಿನಲ್ಲಿ. ಒಂದು ಲೆಕ್ಕ ನೋಡಬಹುದು. ರಾಯಲ್ಟಿ ಶೇ 5, ವರ್ಷಕ್ಕೆ ಕನಿಷ್ಠ ಖಾತರಿ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರಾಟ 40 ಲಕ್ಷ ಮುಟ್ಟಿದರೆ ಎರಡೂ ಸರಿಹೋಗುತ್ತವೆ. ಮಾರಾಟ 20 ಲಕ್ಷಕ್ಕೇ ನಿಂತರೂ 2 ಲಕ್ಷ ಕಟ್ಟಲೇಬೇಕು. ಆಗ ಕಾಗದದ ಮೇಲೆ ಶೇ 5 ಇದ್ದ ರಾಯಲ್ಟಿ ನಿಜದಲ್ಲಿ ಶೇ 10 ಆಗಿರುತ್ತದೆ. ಮಳೆ ಕೈಕೊಟ್ಟು ಕಾಯಿ ಕಡಿಮೆಯಾದ ವರ್ಷ, ಕೊಬ್ಬರಿ ದರ ಏರಿ ಎಣ್ಣೆಯ ಗಾಣಕ್ಕೆ ಸರಕು ಸಿಗದ ವರ್ಷ ಈ ಸಾಲು ಭಾರವಾಗುತ್ತದೆ.

ಕರಾರು ಮುಗಿದ ದಿನ ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಉಳಿದ ಪೊಟ್ಟಣ, ಅಚ್ಚು ಮಾಡಿಸಿದ ಲೇಬಲ್ಲು, ಗೋದಾಮಿನ ಸರಕು ಇವುಗಳನ್ನು ತೀರಿಸಲು ಎಷ್ಟು ತಿಂಗಳು ಅವಕಾಶ ಎಂಬುದನ್ನು ಮೊದಲೇ ಬರೆಯದಿದ್ದರೆ, ಮರುದಿನದಿಂದ ತನ್ನದೇ ಸರಕನ್ನು ಮಾರಿದರೂ ಅದು ಮುದ್ರೆಯ ಉಲ್ಲಂಘನೆಯಾಗುತ್ತದೆ. ಹತ್ತು ವರ್ಷ ಊರೂರು ಸುತ್ತಿ ಗಿರಾಕಿಗಳನ್ನು ಸಂಪಾದಿಸಿದವನು ತಯಾರಕ. ಆ ಗಿರಾಕಿಗಳು ನೆನಪಿಟ್ಟುಕೊಂಡಿರುವುದು ಮಾತ್ರ ಒಡೆಯನ ಹೆಸರನ್ನು.

ತೆರಿಗೆಯ ಗಂಟು

ಇನ್ನೊಬ್ಬರ ಹೆಸರಿಗೆ ತೆರಿಗೆಯ ಇತಿಹಾಸವೂ ತಗಲಿಕೊಂಡಿದೆ. ಕೇಂದ್ರ ಅಬಕಾರಿ ಸುಂಕದಲ್ಲಿ ಸಣ್ಣ ಕೈಗಾರಿಕೆಗಳಿಗೆ ವಿನಾಯಿತಿ ಇತ್ತು. ದೊಡ್ಡ ಕಂಪನಿಗಳು ಸಣ್ಣ ಘಟಕಗಳಲ್ಲಿ ಸರಕು ಮಾಡಿಸಿ, ತಮ್ಮ ಹೆಸರು ಹಚ್ಚಿ, ಬಡವರಿಗೆಂದು ಕೊಟ್ಟ ವಿನಾಯಿತಿಯನ್ನು ತಾವು ಪಡೆಯುತ್ತಿದ್ದುದನ್ನು ಕಂಡ ಸರ್ಕಾರ, 1987ರಲ್ಲಿ ನಿಯಮ ಬದಲಿಸಿತು. ವಿನಾಯಿತಿಗೆ ಅರ್ಹನಲ್ಲದ ಇನ್ನೊಬ್ಬನ ಬ್ರಾಂಡ್ ಹೆಸರು ಹೊತ್ತ ಸರಕಿಗೆ ವಿನಾಯಿತಿ ಸಿಗದಾಯಿತು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಏಟು ಬಿದ್ದದ್ದು ಹೆಸರು ಎರವಲು ತಂದ ಸಣ್ಣ ತಯಾರಕನ ಮೇಲೂ. ಮುಂದೆ ಗ್ರಾಮೀಣ ಪ್ರದೇಶದ ಕಾರ್ಖಾನೆಗಳಿಗೆ ಈ ನಿರ್ಬಂಧದಿಂದ ಬಿಡುಗಡೆ ದೊರೆಯಿತು. ಹೀಗೆ ಒಂದೇ ಹೆಸರಿನ ಒಂದೇ ಸರಕು ಹಳ್ಳಿಯಲ್ಲಿ ತಯಾರಾದರೆ ಒಂದು ತೆರಿಗೆ, ಪಟ್ಟಣದಲ್ಲಾದರೆ ಇನ್ನೊಂದು ಎಂಬ ಸ್ಥಿತಿ ಬಂದು, ನ್ಯಾಯಾಲಯಗಳಿಗೆ ಬಹಳ ಕೆಲಸ ಕೊಟ್ಟಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಈ ಗಂಟು ಬಿಚ್ಚಿತು.

ಪೊಟ್ಟಣದ ಮೇಲಿನ ಮಾತು ತೆರಿಗೆಯನ್ನು ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ತೆಂಗಿನ ಸೀಮೆಗೇ ಸಂಬಂಧಿಸಿದ ಇನ್ನೊಂದು ನಿದರ್ಶನವಿದೆ. ಸಣ್ಣ ಸೀಸೆಯಲ್ಲಿ ಮಾರುವ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ, ತಲೆಗೆ ಹಚ್ಚುವ ಎಣ್ಣೆಯೋ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ಅಭಿಪ್ರಾಯ ಕೊಟ್ಟರು. 2024ರ ಡಿಸೆಂಬರಿನಲ್ಲಿ ಮೂವರ ಪೀಠ, ತಲೆಗೂದಲಿನ ಎಣ್ಣೆಯೆಂದು ಲೇಬಲ್ ಹಚ್ಚಿ ಮಾರದಿದ್ದರೆ ಅದು ಖಾದ್ಯ ತೈಲವೇ ಎಂದು ತೀರ್ಮಾನಿಸಿತು. ಗಾಣದಿಂದ ಬಂದ ಎಣ್ಣೆ ಒಂದೇ. ಅದನ್ನು ಎರಡು ಮಾಡಿದ್ದು ಲೇಬಲ್ಲು.

ಹೆಸರಿನ ಬೆಲೆ ಎಷ್ಟು?

ಕೈಗೆ ಸಿಗದ ಈ ಹೆಸರು ಎಷ್ಟು ಬೆಲೆ ಬಾಳೀತು? ಕರಾವಳಿಯ ಬೀಡಿ ಉದ್ಯಮ ಇದಕ್ಕೆ ಅಂಕಿಯಲ್ಲೇ ಉತ್ತರ ಕೊಟ್ಟಿದೆ. ಬೀಡಿಗೆ ದೊಡ್ಡ ಯಂತ್ರವಿಲ್ಲ. ಎಲೆ ಕತ್ತರಿಸಿ ಸುತ್ತುವುದು ಮನೆಮನೆಯ ಹೆಂಗಸರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಎಂಬ ಪಾಲುದಾರಿಕೆ ಸಂಸ್ಥೆ ವಿಸರ್ಜನೆಗೊಂಡು, ನಡೆಯುವ ಉದ್ಯಮವಾಗಿಯೇ ನ್ಯಾಯಾಲಯದ ಮೂಲಕ 1994ರಲ್ಲಿ ಮಾರಾಟವಾದಾಗ ಬಂದ ಬೆಲೆ 92 ಕೋಟಿ ರೂಪಾಯಿ. ಅದರಲ್ಲಿ ವ್ಯಾಪಾರ ಮುದ್ರೆಗಳ ಪಾಲೆಂದು ಲೆಕ್ಕ ಹಾಕಿದ್ದು 75 ಕೋಟಿಗೂ ಹೆಚ್ಚು. ಯಂತ್ರಕ್ಕೆ ಸವಕಳಿ ಲೆಕ್ಕ ಹಾಕುವಂತೆ ಈ ಮುದ್ರೆಗಳಿಗೂ ಹಾಕಬಹುದೇ ಎಂಬ ಆದಾಯ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2015ರಲ್ಲಿ ಹಾಕಬಹುದೆಂದು ತೀರ್ಪಾಯಿತು. ಬೀಡಿ ಉದ್ಯಮದ ನಿಜವಾದ ಯಂತ್ರ ಅದರ ಹೆಸರೇ ಎಂದು ಒಪ್ಪಿದಂತಾಯಿತು.

ಹೆಸರನ್ನು ಹಂಚಿಕೊಂಡು ಬಾಳುವುದೂ ಸಾಧ್ಯ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂ.ಟಿ.ಆರ್. ಹೋಟೆಲು ಇಂದಿಗೂ ಕುಟುಂಬದ ಕೈಯಲ್ಲಿದೆ. ಅದೇ ಮೂರಕ್ಷರದ ಸಿದ್ಧ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲಿನಲ್ಲಿ ರವೆ ಇಡ್ಲಿ ತಿನ್ನುವವನಿಗೂ ಮನೆಯಲ್ಲಿ ಅದರ ಮಿಶ್ರಣ ಕಲಸುವವಳಿಗೂ ಕಾಣುವ ಹೆಸರು ಒಂದೇ. ಒಡೆಯರು ಮಾತ್ರ ಬೇರೆ.

ಒಬ್ಬರದಲ್ಲದ ಹೆಸರು

ಇನ್ನೊಬ್ಬರ ಹೆಸರನ್ನು ಬಾಡಿಗೆಗೆ ತರದೆಯೂ ಸಣ್ಣವರು ಹೆಸರಿನ ಬಲ ಪಡೆದ ದಾರಿಗಳು ನಮ್ಮಲ್ಲಿಯೇ ಇವೆ. ಮೊದಲನೆಯದು ಸರ್ಕಾರದ ಮುದ್ರೆ. 1937ರ ಕೃಷಿ ಉತ್ಪನ್ನಗಳ ವರ್ಗೀಕರಣ ಕಾನೂನಿನಿಂದ ಬಂದ ಅಗ್‌ಮಾರ್ಕ್, 1952ರ ಕಾನೂನಿನಿಂದ ಬಲ ಪಡೆದ ಐ.ಎಸ್.ಐ. ಗುರುತು ಇವು ಯಾವ ವ್ಯಾಪಾರಿಯವೂ ಅಲ್ಲ. ಪರೀಕ್ಷೆಯಲ್ಲಿ ಗೆದ್ದ ಯಾರಿಗಾದರೂ ಪರವಾನಗಿ ಸಿಗುತ್ತದೆ. ಆದರೆ ಅವು ಸರಕು ಶುದ್ಧವೆಂದು ಹೇಳುತ್ತವೆಯೇ ಹೊರತು, ಯಾರದೆಂದು ಹೇಳುವುದಿಲ್ಲ. ನಂಬಿಕೆ ಕೊಡುತ್ತವೆ, ಪ್ರೀತಿ ಹುಟ್ಟಿಸುವುದಿಲ್ಲ.

ಎರಡನೆಯದು ಸಹಕಾರದ ದಾರಿ. ಕರ್ನಾಟಕ ಹಾಲು ಮಹಾಮಂಡಳ 1985ರಲ್ಲಿ 'ನಂದಿನಿ' ಎಂಬ ಹೆಸರನ್ನು ಕೈಗೆತ್ತಿಕೊಂಡಿತು. ಹೆಸರು ಮಹಾಮಂಡಳದ್ದು. ಹಾಲು ಸಂಗ್ರಹಿಸಿ, ಸಂಸ್ಕರಿಸಿ, ಪೊಟ್ಟಣ ಕಟ್ಟುವುದು ತುಮಕೂರಿನಂಥ ಜಿಲ್ಲಾ ಒಕ್ಕೂಟಗಳು. ಹಾಲು ಹಾಕುವುದು ಹಳ್ಳಿಯ ಸಂಘದ ಸದಸ್ಯರು. ಕರಾರಿನ ಭಾಷೆಯಲ್ಲಿ ಒಕ್ಕೂಟಗಳು ಬಳಕೆದಾರರು. ಆದರೆ ಸಹಕಾರದ ಏಣಿಯಲ್ಲಿ ಅದೇ ಒಕ್ಕೂಟಗಳು ಮಹಾಮಂಡಳದ ಸದಸ್ಯರೂ ಹೌದು. ಬಾಡಿಗೆದಾರನೇ ಮನೆಯ ಪಾಲುದಾರನೂ ಆಗಿರುವ ಏರ್ಪಾಡು ಇದು. ತೆಂಗಿನ ತೋಟದಲ್ಲಿ ಒಂದೆರಡು ಹಸು ಕಟ್ಟಿದ ಹೊನ್ನವಳ್ಳಿ ಕಡೆಯ ರೈತ ತನ್ನ ಕೊಬ್ಬರಿಯನ್ನು ಹೆಸರಿಲ್ಲದೆ ಮಾರಿದರೂ ತನ್ನ ಹಾಲನ್ನು ರಾಜ್ಯಕ್ಕೆಲ್ಲ ಗೊತ್ತಿರುವ ಹೆಸರಿನಲ್ಲಿ ಮಾರುತ್ತಾನೆ ಎಂಬುದು ಗಮನಿಸತಕ್ಕ ಸಂಗತಿ.

ಆದರೂ ಹೆಸರಿನ ಮೇಲಿನ ಹಕ್ಕು ಎಲ್ಲೆಯಿಲ್ಲದ್ದಲ್ಲ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿನವರು 1989ರಿಂದ ಬಳಸುತ್ತಿದ್ದ ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಿಸಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರವಾಗಿ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದ ಕಾಮಧೇನುವಿನ ಬಳಗದ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ ಎಂಬುದು ಅದರ ಒಂದು ಕಾರಣ. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನ ಹಕ್ಕು ಹಬ್ಬಲಿಲ್ಲ. ಎಲ್ಲರ ನಾಲಿಗೆಯ ಮೇಲಿದ್ದ ಪದವನ್ನು ಹೆಸರಾಗಿ ಆರಿಸಿಕೊಂಡವರು, ಅದನ್ನು ಪೂರ್ತಿಯಾಗಿ ಬೇಲಿ ಹಾಕಿ ಇಟ್ಟುಕೊಳ್ಳಲಾಗದು.

ಮೂರನೆಯದು ಊರಿನ ಹೆಸರು. 1916ರಲ್ಲಿ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭಿಸಿ, ಅದರ ಬೆನ್ನಲ್ಲೇ ಬೆಂಗಳೂರಿನಲ್ಲಿ ಸಾಬೂನು ಮಾಡಿಸಿದ ಮೈಸೂರು ಸರ್ಕಾರ ಅದಕ್ಕೆ ನಾಡಿನ ಹೆಸರನ್ನೇ ಇಟ್ಟಿತು. ಆ ಹೆಸರಿನ ಬೆಲೆ ಎಷ್ಟೆಂದರೆ, 2024ರ ಆರಂಭದಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನಿನ ದಾಸ್ತಾನು ಪತ್ತೆಯಾಯಿತು. ಊರಿನ ಹೆಸರಿಗೆ ಪ್ರತ್ಯೇಕ ರಕ್ಷಣೆ ಕೊಡುವ ಭೌಗೋಳಿಕ ಸೂಚ್ಯಂಕ ಕಾನೂನು ಕೂಡ 1999ರದೇ, ಜಾರಿಗೆ ಬಂದದ್ದು 2003ರಲ್ಲಿ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ, ಶಿರಸಿ ಅಡಿಕೆ ಇದರ ಆಶ್ರಯ ಪಡೆದಿವೆ. ಈ ಕಾನೂನಿನ ಒಂದು ಕಲಂ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಭೌಗೋಳಿಕ ಸೂಚ್ಯಂಕವನ್ನು ಮಾರುವಂತಿಲ್ಲ, ಪರವಾನಗಿಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಆ ಸೀಮೆಯ ಉತ್ಪಾದಕ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡು ಬಳಸಬಹುದು. ಬಾಡಿಗೆಗೆ ಸಿಗದ ಹೆಸರೆಂದರೆ ಇದೊಂದೇ.

ಹಾಗೆಂದು ನೋಂದಣಿ ಪತ್ರ ಕೈಗೆ ಬಂದೊಡನೆ ಬೆಲೆ ಏರುವುದಿಲ್ಲ. ಊರಿನ ಹೆಸರಿಗೂ ದರ್ಜೆ ಗೊತ್ತುಮಾಡುವವರು ಬೇಕು, ಕಲಬೆರಕೆ ಹಿಡಿಯುವವರು ಬೇಕು, ಪೊಟ್ಟಣ ಕಟ್ಟಿ ದೂರದ ಪೇಟೆಗೆ ಮುಟ್ಟಿಸುವವರು ಬೇಕು. ಈ ಕೆಲಸಗಳನ್ನು ಹೆಸರಿನ ಪರವಾನಗಿಯಲ್ಲಿ ಒಡೆಯ ಮಾಡಿಸುತ್ತಾನೆ, ಅದಕ್ಕೆ ರಾಯಲ್ಟಿ ತೆಗೆದುಕೊಳ್ಳುತ್ತಾನೆ. ಸಹಕಾರದಲ್ಲಾದರೆ ಸದಸ್ಯರೇ ತಮ್ಮ ಮೇಲೆ ತಾವು ನಿಗಾ ಇಡಬೇಕು. ಬೌಡನ್ ಕಾಲದಿಂದ ನಂದಿನಿಯವರೆಗೆ ಬದಲಾಗದೆ ಉಳಿದ ಸೂತ್ರ ಇದೇ: ನಿಗಾ ಯಾರದೋ ಹೆಸರು ಅವರದು, ಹೆಸರು ಯಾರದೋ ಬೆಲೆ ಕಟ್ಟುವವರೂ ಅವರೇ.

ಕೊಳ್ಳುವವರಿಗೂ ಇದರಲ್ಲಿ ಪಾತ್ರವುಂಟು. ಎಣ್ಣೆಯ ಸೀಸೆಯನ್ನೋ ಕಾಯಿಪುಡಿಯ ಪೊಟ್ಟಣವನ್ನೋ ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ತಯಾರಿಸಿದವರು ಯಾರು, ಮಾರಾಟ ಮಾಡುವವರು ಯಾರು ಎಂಬ ವಿವರ ಇರುತ್ತದೆ. ಎರಡೂ ಕಡೆ ಒಂದೇ ಹೆಸರಿದ್ದರೆ ತಯಾರಿಕೆಯೂ ಮಾರಾಟವೂ ಒಬ್ಬರದೇ. ಬೇರೆಯಾಗಿದ್ದರೆ ನಡುವೆ ಒಂದು ಕರಾರು ಇದೆಯೆಂದು ಅರ್ಥ. ಹೀಗೆ ಬೇರೆಯವರು ಮಾಡಿದ ಸರಕಿಗೆ ತನ್ನ ಮುದ್ರೆ ಹಚ್ಚಿದವನನ್ನೂ 2019ರ ಗ್ರಾಹಕ ಸಂರಕ್ಷಣಾ ಕಾನೂನು ಉತ್ಪಾದಕನೆಂದೇ ಪರಿಗಣಿಸುತ್ತದೆ. ಹೆಸರಿನ ಲಾಭ ಪಡೆದವನು ಸರಕಿನ ದೋಷಕ್ಕೆ ಬೆನ್ನು ತಿರುಗಿಸುವಂತಿಲ್ಲ. ದೊಡ್ಡಕ್ಷರದ ಹೆಸರಿನ ಕೆಳಗೆ, ಸಣ್ಣಕ್ಷರದ ಆ ಸಾಲಿನಲ್ಲಿ ತಿಪಟೂರಿನದೋ ತುರುವೇಕೆರೆಯದೋ ವಿಳಾಸ ಕಂಡರೆ, ಅಟ್ಟದ ಮೇಲೆ ವರ್ಷವಿಡೀ ಕಾದ ಕಾಯಿ ಅಷ್ಟು ದೂರವಾದರೂ ತನ್ನ ಊರಿನ ಹೆಸರನ್ನು ಜೊತೆಗೆ ತಂದಿದೆಯೆಂದು ತಿಳಿಯಬಹುದು.